ಅಪ್ಪನ ಶುಗರ್ ನನಗೂ ಬರಲೇಬೇಕಾ?

ಪ್ರಶ್ನೆ: ನಾನು ಸಿರುಗುಪ್ಪ ತಾಲ್ಲೂಕಿನವನು. ವಯಸ್ಸು 33. ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ. ಅಪ್ಪನಿಗೆ 48ನೇ ವಯಸ್ಸಿಗೆ ಶುಗರ್ ಬಂತು. ಹೋದ ವರ್ಷ ಕಾಲಿನ ಬೆರಳು ತೆಗೆದರು. ಅಜ್ಜಿಗೂ ಇತ್ತು, ಕೊನೆಗೆ ಕಣ್ಣು ಹೋಗಿತ್ತು. ಅಕ್ಕನಿಗೆ ಎರಡನೇ ಬಸಿರಿನಲ್ಲಿ ಶುಗರ್ ಬಂದು ಹೆರಿಗೆ ಆದಮೇಲೆ ಹೋಯಿತು. ರಾಯಚೂರಿನಲ್ಲಿರುವ ಚಿಕ್ಕಪ್ಪನ ಮಗ ಒಂಬತ್ತು ವರ್ಷದವನು, ದಿನಾ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಾನೆ. ನಾನು ಸೋದರಮಾವನ ಮಗಳನ್ನೇ ಮದುವೆಯಾಗಿದ್ದೇನೆ. ಮಾವನಿಗೂ ಶುಗರ್ ಇದೆ. ನಮಗೆ ನಾಲ್ಕು ವರ್ಷದ ಮಗಳಿದ್ದಾಳೆ. ನಾನು ತೆಳ್ಳಗಿದ್ದೇನೆ: ಎತ್ತರ 165 ಸೆಂಟಿಮೀಟರ್, ತೂಕ 61 ಕಿಲೋ, ಹೊಟ್ಟೆಯ ಸುತ್ತಳತೆ 92 ಸೆಂಟಿಮೀಟರ್. ಮೊನ್ನೆ ಖಾಲಿ ಹೊಟ್ಟೆಯ ಶುಗರ್ 108 ಬಂತು. ಇದು ರಕ್ತದಲ್ಲೇ ಬಂದಿದ್ದಾ? ತಪ್ಪಿಸೋಕೆ ಆಗುತ್ತಾ? ಎಂಜಲು ಕಳಿಸಿದರೆ ಜೀನ್ ಪರೀಕ್ಷೆ ಮಾಡಿ ಹೇಳುತ್ತೇವೆ ಅನ್ನುವ ಜಾಹೀರಾತು ನೋಡಿದೆ. ಮಾಡಿಸಲಾ? ಮಗಳ ಗತಿ ಏನು?

ಉತ್ತರ: ಬರಲೇಬೇಕು ಅಂತಿಲ್ಲ. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಆದರೆ ನಿಮಗೆ ಬರುವ ಸಾಧ್ಯತೆ ಪಕ್ಕದ ಮನೆಯವರಿಗಿಂತ ಜಾಸ್ತಿ ಇದೆ, ಅದೂ ನಿಜ. ಈ ಎರಡೂ ಮಾತನ್ನು ಒಟ್ಟಿಗೆ ಹಿಡಿದುಕೊಂಡು ಮುಂದೆ ಓದಿ.

ಬಳ್ಳಾರಿಯಲ್ಲಿ ನನ್ನ ಹತ್ತಿರ ಬರುವವರಲ್ಲಿ ಎರಡು ಥರದ ಮಂದಿ ಇದ್ದಾರೆ. "ನಮ್ಮ ಮನೆತನದಾಗೇ ಐತಿ, ಏನ್ ಮಾಡಿದ್ರೂ ಬರೋದೇ" ಅಂತ ಕೈ ಚೆಲ್ಲಿ ಕೂತವರು ಒಂದು ಕಡೆ. "ನಾನು ಸಣಕಲ, ನನಗೆಲ್ಲಿಂದ ಬರುತ್ತೆ" ಅಂತ ಪರೀಕ್ಷೆಯನ್ನೇ ಮಾಡಿಸದವರು ಇನ್ನೊಂದು ಕಡೆ. ಇಬ್ಬರೂ ತಡವಾಗಿ ಬರುತ್ತಾರೆ. ಕಾಲಿಗೆ ಗಾಯ ಆಗಿ ಮಾಯದೇ ಇದ್ದಾಗ, ಕಣ್ಣು ಮಂಜಾದಾಗ. ನೀವು 33ಕ್ಕೇ ಕೇಳಿದ್ದೀರಿ. ಅದಕ್ಕೇ ಇಷ್ಟು ಉದ್ದ ಬರೆಯಬೇಕು ಅನ್ನಿಸಿತು.

ನಿಮ್ಮ ಮನೆಯಲ್ಲಿ ಇರುವುದು ಒಂದೇ ಕಾಯಿಲೆ ಅಲ್ಲ. ಮೊದಲು ಅದನ್ನು ಬಿಡಿಸಿಕೊಳ್ಳೋಣ. ಚಿಕ್ಕಪ್ಪನ ಮಗನಿಗೆ ಬಂದದ್ದು ನಿಮ್ಮ ಪತ್ರದ ಪ್ರಕಾರ ಟೈಪ್ 1 ಇರಬೇಕು. ಅಪ್ಪ, ಅಜ್ಜಿ, ಮಾವ ಇವರದ್ದು ಟೈಪ್ 2. ಹೆಸರು ಒಂದೇ, ಬೇರು ಬೇರೆ. ಟೈಪ್ 1ರಲ್ಲಿ ಮೈಯ ರಕ್ಷಣೆಗೆ ಇರುವ ಕಣಗಳೇ ದಾರಿತಪ್ಪಿ ಇನ್ಸುಲಿನ್ ಮಾಡುವ ಕೋಶಗಳನ್ನು ನಾಶ ಮಾಡುತ್ತವೆ. ಅದಕ್ಕೆ ಸಂಬಂಧಪಟ್ಟ ಮುಖ್ಯ ಜೀನ್‌ಗಳು ಎಚ್‌ಎಲ್‌ಎ ಅನ್ನುವ ಗುಂಪಿನವು. ಟೈಪ್ 2ರ ಜೀನ್‌ಗಳಿಗೂ ಅವಕ್ಕೂ ಹೆಚ್ಚು ನಂಟಿಲ್ಲ. ಟೈಪ್ 1 ಬಂದ ಮಕ್ಕಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಮಕ್ಕಳ ಮನೆಯಲ್ಲಿ ಅದು ಬೇರೆ ಯಾರಿಗೂ ಇರುವುದಿಲ್ಲ. ಒಂದೇ ಬಸಿರಿನ, ಅಚ್ಚು ಹಾಕಿದಂಥ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ನೂರಕ್ಕೆ ಸುಮಾರು 30ರಿಂದ 50ರಷ್ಟು ಸಂದರ್ಭಗಳಲ್ಲಿ ಮಾತ್ರ. ಒಡಹುಟ್ಟಿದವರಿಗೆ ನೂರಕ್ಕೆ ಐದರ ಆಸುಪಾಸು. ನಿಮ್ಮ ಮಗಳು ಆ ಹುಡುಗನಿಗೆ ಎಷ್ಟು ದೂರದ ಸಂಬಂಧ ನೋಡಿ. ಆ ಲೆಕ್ಕದಲ್ಲಿ ಅವಳಿಗಿರುವ ಅಪಾಯ ಬೇರೆ ಯಾವುದೇ ಮಗುವಿಗಿಂತ ಹೆಚ್ಚೇನೂ ಇಲ್ಲ.

ಆ ಹುಡುಗನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. "ಇಷ್ಟು ಸಣ್ಣ ವಯಸ್ಸಿಗೆ ಚುಚ್ಚುಮದ್ದು ಯಾಕೆ, ನಾಟಿ ಔಷಧಿ ಕೊಡಿಸಿ" ಅಂತ ಹೇಳುವವರು ಊರಲ್ಲಿ ಸಿಕ್ಕೇ ಸಿಗುತ್ತಾರೆ. ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು. ಚಿಕ್ಕಪ್ಪನಿಗೆ ಇದನ್ನು ನೀವೇ ಕೂತು ಹೇಳಿ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಟೈಪ್ 2 ರಕ್ತದಲ್ಲಿ ಬರುತ್ತದಾ? ಬರುವುದು ಕಾಯಿಲೆಯಲ್ಲ, ಕಾಯಿಲೆಯತ್ತ ವಾಲುವ ಗುಣ. ತಂದೆ ಅಥವಾ ತಾಯಿ ಒಬ್ಬರಿಗೆ ಟೈಪ್ 2 ಇದ್ದರೆ ಮಕ್ಕಳಿಗೆ ಜೀವಮಾನದಲ್ಲಿ ಬರುವ ಸಾಧ್ಯತೆ ಸುಮಾರು 40 ಶೇಕಡಾ ಅಂತ ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ಇಬ್ಬರಿಗೂ ಇದ್ದರೆ ಸುಮಾರು 70. ಈ ಅಂಕಿಗಳು ಮುಖ್ಯವಾಗಿ ಹೊರದೇಶದ ಕುಟುಂಬಗಳನ್ನು ನೋಡಿ ಹಾಕಿದವು. ಅವು ಬರೀ ಜೀನ್‌ನ ಲೆಕ್ಕವೂ ಅಲ್ಲ. ಅಪ್ಪನಿಂದ ಮಗನಿಗೆ ಜೀನ್ ಜೊತೆ ಅಡಿಗೆಮನೆಯೂ ಬರುತ್ತದೆ ಅಲ್ವಾ? ಒಂದೇ ಅನ್ನದ ಪಾತ್ರೆ, ಸಂಜೆಯ ಅದೇ ಮಂಡಕ್ಕಿ ಮಿರ್ಚಿ, ಊಟ ಆದ ತಕ್ಷಣ ಮಲಗುವ ಅದೇ ರೂಢಿ. ಮನೆತನದ ಕಾಯಿಲೆ ಅಂದಾಗ ಇವೆಲ್ಲ ಅದರಲ್ಲಿ ಸೇರಿಕೊಂಡಿರುತ್ತವೆ.

ಜೀನ್ ಏನು ಮಾಡುತ್ತದೆ ಅನ್ನುವುದನ್ನು ನಿಮ್ಮ ಊರಿನ ಲೆಕ್ಕದಲ್ಲೇ ಹೇಳುತ್ತೇನೆ. ಹೊಳೆ ದಂಡೆಯ ಪಂಪ್‌ಸೆಟ್ ನೆನೆಸಿಕೊಳ್ಳಿ. ಮೂರು ಎಚ್‌ಪಿ ಮೋಟರ್ ಇದೆ, ಎರಡು ಎಕರೆ ಜೋಳ ಇದೆ. ಮೋಟರ್ ಆರಾಮಾಗಿ ಇಪ್ಪತ್ತು ವರ್ಷ ಓಡುತ್ತದೆ. ಅದೇ ಮೋಟರ್‌ಗೆ ಐದು ಎಕರೆ ಭತ್ತ ಹಾಕಿ ನೋಡಿ. ಹಗಲು ರಾತ್ರಿ ಓಡುತ್ತದೆ, ಕಾಯುತ್ತದೆ, ಒಂದು ದಿನ ವೈಂಡಿಂಗ್ ಸುಟ್ಟು ಹೋಗುತ್ತದೆ. ಹೊಟ್ಟೆಯ ಹಿಂದೆ ಮೇದೋಜ್ಜೀರಕ ಗ್ರಂಥಿ ಅಂತ ಇದೆ. ಅದರಲ್ಲಿರುವ ಬೀಟಾ ಕೋಶಗಳು ಇನ್ಸುಲಿನ್ ಮಾಡುತ್ತವೆ. ಅದೇ ನಮ್ಮ ಮೋಟರ್. ತಿಂದ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಅದನ್ನು ಮಾಂಸಖಂಡಕ್ಕೆ, ಲಿವರ್‌ಗೆ, ಕೊಬ್ಬಿಗೆ ಸೇರಿಸುವುದು ಇನ್ಸುಲಿನ್ ಕೆಲಸ. ಕೆಲವರು ಹುಟ್ಟುವಾಗಲೇ ಸ್ವಲ್ಪ ಸಣ್ಣ ಮೋಟರ್ ಪಡೆದುಕೊಂಡು ಬರುತ್ತಾರೆ. ಸಣ್ಣ ಮೋಟರ್ ಅಂದರೆ ಕೆಟ್ಟ ಮೋಟರ್ ಅಂತಲ್ಲ. ಹೊರೆ ಹದವಾಗಿದ್ದರೆ ಅದೂ ಕೊನೆತನಕ ಬಾಳುತ್ತದೆ.

ಈ ಸಣ್ಣ ಮೋಟರ್ ಹೇಗೆ ಬರುತ್ತದೆ? ನಮ್ಮ ಡಿಎನ್‌ಎಯನ್ನು ಸುಮಾರು 300 ಕೋಟಿ ಅಕ್ಷರಗಳ ಬರಹ ಅಂದುಕೊಳ್ಳಿ. ಇಬ್ಬರು ಮನುಷ್ಯರ ನಡುವೆ ಹೆಚ್ಚೂಕಡಿಮೆ ಸಾವಿರಕ್ಕೆ ಒಂದು ಅಕ್ಷರ ಬೇರೆ ಇರುತ್ತದೆ. ಈ ಬೇರೆ ಅಕ್ಷರಗಳಿಗೆ ವೇರಿಯೆಂಟ್ ಅನ್ನುತ್ತಾರೆ. ಬಹುಪಾಲು ವೇರಿಯೆಂಟ್‌ಗಳಿಂದ ಏನೂ ಆಗುವುದಿಲ್ಲ. ಕೆಲವು ಮಾತ್ರ ಇನ್ಸುಲಿನ್ ಎಷ್ಟು, ಯಾವಾಗ ಬರಬೇಕು ಅನ್ನುವುದನ್ನು ಒಂದಿಷ್ಟು ಆಚೀಚೆ ಮಾಡುತ್ತವೆ. ಆ ಬರಹದಲ್ಲಿ ಒಂದೊಂದು ಕೆಲಸದ ಸೂಚನೆ ಇರುವ ತುಂಡೇ ಜೀನ್. ಪ್ರತಿ ಜೀನ್‌ನ ಎರಡು ಪ್ರತಿ ನಮ್ಮಲ್ಲಿರುತ್ತವೆ. ಒಂದು ಅಪ್ಪನದು, ಒಂದು ಅವ್ವನದು.

ಟೈಪ್ 2ಕ್ಕೆ ಸಂಬಂಧಿಸಿದ ಸಾಮಾನ್ಯ ವೇರಿಯೆಂಟ್‌ಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಟಿಸಿಎಫ್7ಎಲ್2 ಅನ್ನುವ ಜೀನ್‌ನಲ್ಲಿದೆ. 2006ರಲ್ಲಿ ಐಸ್‌ಲ್ಯಾಂಡ್‌ನ ವಿಜ್ಞಾನಿಗಳು ಇದನ್ನು ಹಿಡಿದರು. ಮರುವರ್ಷವೇ ನಮ್ಮ ಹೈದರಾಬಾದ್‌ನ ಸಿಸಿಎಂಬಿ ಮತ್ತು ಪುಣೆಯ ಸಂಶೋಧಕರು ಸೇರಿ ಭಾರತೀಯರಲ್ಲೂ ಇದು ಹೀಗೇ ಕೆಲಸ ಮಾಡುತ್ತದೆ ಅಂತ ತೋರಿಸಿದರು. ಅಪಾಯದ ಅಕ್ಷರದ ಒಂದು ಪ್ರತಿ ಇದ್ದರೆ ಶುಗರ್ ಬರುವ ಸಾಧ್ಯತೆ ಸುಮಾರು 1.4 ಪಟ್ಟು ಆಗುತ್ತದೆ. ಎರಡೂ ಪ್ರತಿ ಇದ್ದರೆ ಹೆಚ್ಚೂಕಡಿಮೆ ಎರಡು ಪಟ್ಟು. ಊಟವಾದ ಮೇಲೆ ಚುರುಕಾಗಿ ಬರಬೇಕಾದ ಇನ್ಸುಲಿನ್ ಇಂಥವರಲ್ಲಿ ಕಡಿಮೆ ಬೀಳುತ್ತದೆ.

ನೆನಪಿಡಿ, ಇದು ಎಲ್ಲಕ್ಕಿಂತ ಬಲವಾದದ್ದು. ಉಳಿದವು ಒಂದೊಂದೂ ನೂರಕ್ಕೆ ಐದೋ ಹತ್ತೋ ಹದಿನೈದೋ ಪಾಲಿನಷ್ಟು ಅಪಾಯ ಏರಿಸುವಂಥವು. 2024ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 25 ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿ ಟೈಪ್ 2ಕ್ಕೆ ಸಂಬಂಧಿಸಿದ 611 ಜಾಗಗಳನ್ನು ಗುರುತಿಸಿದರು. ಅಂದರೆ "ಶುಗರ್ ಜೀನ್" ಅಂತ ಒಂದು ಜೀನ್ ಇಲ್ಲ. ನೂರಾರು ಸಣ್ಣ ಸಣ್ಣ ಅಕ್ಷರಗಳು ಕೂಡಿ ತಕ್ಕಡಿಯ ಒಂದು ಕಡೆ ಭಾರ ಹಾಕುತ್ತವೆ. ಕೆಲವು ಈ ಕಡೆಗೆ ಎಳೆಯುತ್ತವೆ, ಕೆಲವು ಆ ಕಡೆಗೆ. ಕಾಪಾಡುವ ವೇರಿಯೆಂಟ್‌ಗಳೂ ಇವೆ. ಎಸ್‌ಎಲ್‌ಸಿ30ಎ8 ಅನ್ನುವ ಜೀನ್‌ನ ಒಂದು ಪ್ರತಿ ಕೆಟ್ಟಿರುವ ಅಪರೂಪದ ಜನರಿಗೆ ಟೈಪ್ 2 ಬರುವ ಅಪಾಯ ಸುಮಾರು 65 ಶೇಕಡಾ ಕಡಿಮೆ ಇರುವುದು 2014ರಲ್ಲಿ ಗೊತ್ತಾಯಿತು. ಅಪ್ಪನಿಂದ ನಿಮಗೆ ಅರ್ಧ ಜೀನ್ ಬಂದಿದೆ. ಆ ಅರ್ಧದಲ್ಲಿ ಯಾವ ಅಕ್ಷರಗಳು ಬಂದವು, ಯಾವು ಬಿಟ್ಟುಹೋದವು ಅನ್ನುವುದು ಚೀಟಿ ಎತ್ತಿದ ಹಾಗೆ. ಒಂದೇ ಅಪ್ಪ ಅವ್ವನ ಮಕ್ಕಳಲ್ಲೂ ಒಬ್ಬರಿಗೆ ಬಂದು ಒಬ್ಬರಿಗೆ ಬರದೇ ಇರುವುದಕ್ಕೆ ಇದೂ ಒಂದು ಕಾರಣ.

ಮೋಟರ್ ಬಿಟ್ಟು ಹೊರೆಯ ಕಡೆ ಕೆಲಸ ಮಾಡುವ ಜೀನ್‌ಗಳೂ ಇವೆ. ಎಫ್‌ಟಿಒ ಅನ್ನುವುದು ಅಂಥದ್ದು. 2007ರಲ್ಲಿ ಗೊತ್ತಾಯಿತು. ಅದರ ಅಪಾಯದ ಅಕ್ಷರದ ಎರಡೂ ಪ್ರತಿ ಇದ್ದವರು ಯುರೋಪಿನ ಲೆಕ್ಕದಲ್ಲಿ ಸರಾಸರಿ ಮೂರು ಕಿಲೋ ಹೆಚ್ಚು ತೂಗುತ್ತಾರೆ. ಹಸಿವು ಸ್ವಲ್ಪ ಜಾಸ್ತಿ ಮಾಡುತ್ತದೆ, ಅಷ್ಟೇ.

ನೀವು "ತೆಳ್ಳಗಿದ್ದೇನೆ" ಅಂತ ಬರೆದಿದ್ದೀರಿ. ಈ ಮಾತಿನ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದರೆ ನಮ್ಮ ಕಡೆ ಜನ ಮೋಸ ಹೋಗುವುದು ಇಲ್ಲೇ. ನಿಮ್ಮ ಎತ್ತರ ತೂಕಕ್ಕೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನುವ ಅಳತೆ, 22.4 ಬರುತ್ತದೆ. ಭಾರತೀಯರಿಗೆ 23ರ ಒಳಗೆ ಇದ್ದರೆ ಸರಿ ಅನ್ನುತ್ತೇವೆ. ಕಾಗದದ ಮೇಲೆ ಪಾಸು. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಇಂಗ್ಲೆಂಡಿನ ಗೆಳೆಯ ಡಾಕ್ಟರ್ ಯುಡ್‌ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊವನ್ನೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದ್ದರು. ಇಬ್ಬರದೂ ಬಿಎಂಐ 22.3. ಆದರೆ ಯುಡ್‌ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2 ಶೇಕಡಾ. ನೋಡಲು ಇಬ್ಬರೂ ತೆಳ್ಳಗೆ. ನಮ್ಮವರಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ, ಅದೂ ಹೊಟ್ಟೆಯ ಒಳಗೆ, ಲಿವರ್ ಸುತ್ತ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ನಿಮ್ಮ 92 ಸೆಂಟಿಮೀಟರ್ ಅದನ್ನೇ ಹೇಳುತ್ತಿದೆ. ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು. ಸಣ್ಣ ಮೋಟರ್‌ನ ಜೀನ್‌ಗಳು ಹೆಚ್ಚು ಇರುವ ದಕ್ಷಿಣ ಏಷ್ಯಾದ ಜನರಿಗೆ ಕಡಿಮೆ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲೇ ಶುಗರ್ ಬರುವುದು ಈಚಿನ ಅಧ್ಯಯನಗಳಲ್ಲೂ ಕಂಡಿದೆ. ಹಾಗಾಗಿ ತಕ್ಕಡಿಗಿಂತ ಟೇಪು ನಿಮಗೆ ಹೆಚ್ಚು ನಿಜ ಹೇಳುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಉಸಿರು ಸಹಜವಾಗಿ ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆಯಿರಿ. ಪ್ಯಾಂಟಿನ ಸೈಜು ನಂಬಬೇಡಿ. ಅದನ್ನು ನಾವು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ.

ನಮಗೇ ಯಾಕೆ ಹೀಗೆ? ಒಂದು ಕಥೆ ತುಂಬಾ ಓಡಾಡುತ್ತದೆ. 1962ರಲ್ಲಿ ಜೇಮ್ಸ್ ನೀಲ್ ಅನ್ನುವ ಅಮೆರಿಕದ ವಿಜ್ಞಾನಿ ಒಂದು ಊಹೆ ಮುಂದಿಟ್ಟರು. ಬರಗಾಲದಲ್ಲಿ ಕೊಬ್ಬು ಉಳಿಸಿಕೊಳ್ಳುವ ಜೀನ್ ಇದ್ದವರು ಬದುಕಿದರು, ಈಗ ಹೊಟ್ಟೆತುಂಬಾ ಸಿಕ್ಕಾಗ ಅದೇ ಜೀನ್ ಶುಗರ್ ತರುತ್ತಿದೆ ಅಂತ. ಬಳ್ಳಾರಿ ಸೀಮೆಗೆ ಈ ಕಥೆ ಬಹಳ ಒಪ್ಪುತ್ತದೆ ಅನ್ನಿಸುತ್ತದೆ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರದ ಬರ ಈ ಸೀಮೆಯನ್ನು ಹೇಗೆ ಹಿಂಡಿತು ಅಂತ ಹಿರಿಯರಿಂದ ಕೇಳಿದವರು ಇನ್ನೂ ಇದ್ದಾರೆ. ಆದರೆ ನಾನು ಈ ಕಥೆಯನ್ನು ಪೂರ್ತಿ ಒಪ್ಪುವುದಿಲ್ಲ. ಡಿಎನ್‌ಎ ಹುಡುಕಾಟದಲ್ಲಿ ಅದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿಲ್ಲ. ಅದಕ್ಕಿಂತ ಗಟ್ಟಿಯಾಗಿ ನಿಲ್ಲುವುದು ತಾಯಿಯ ಗರ್ಭದ ಮಾತು. 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬರ ಬಿದ್ದಿತ್ತು. ಆಗ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳು ಐವತ್ತು ವರ್ಷದವರಾದಾಗ ಅವರ ಮೈ ಸಕ್ಕರೆಯನ್ನು ಸರಿಯಾಗಿ ಸಂಭಾಳಿಸುತ್ತಿರಲಿಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯ ಸಂಶೋಧಕರು ಬಸಿರಿನಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳನ್ನು ವರ್ಷಗಟ್ಟಲೆ ನೋಡಿದರು. ಆ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೇ ವಯಸ್ಸಿಗೇ ಮೈಕೊಬ್ಬು ಹೆಚ್ಚಿತ್ತು. ಗರ್ಭದಲ್ಲಿ ಸಿಕ್ಕ ಊಟ, ಸಿಕ್ಕ ಸಕ್ಕರೆ ಎರಡೂ ಗುರುತು ಬಿಡುತ್ತವೆ. ಇದು ಜೀನ್‌ನ ಅಕ್ಷರ ಬದಲಾಗುವುದರಿಂದ ಆಗುವಂಥದ್ದಲ್ಲ. ಹಾಗಾಗಿಯೇ ತಪ್ಪಿಸಲು ಬರುತ್ತದೆ.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಜೀನ್ ಎರಡು ಮೂರು ತಲೆಮಾರಿನಲ್ಲಿ ಬದಲಾಗುವುದಿಲ್ಲ. ತಟ್ಟೆ ಬದಲಾಯಿತು. 1953ರಲ್ಲಿ ತುಂಗಭದ್ರಾ ಡ್ಯಾಂ ಆದಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಎಲ್ಲ ಭತ್ತದ ನಾಡಾದವು. ಅದು ಲಕ್ಷಾಂತರ ಮನೆಗಳ ಹಸಿವು ನೀಗಿಸಿತು. ಅದನ್ನು ನಾನು ಎಂದೂ ಹಳಿಯುವುದಿಲ್ಲ. ಆದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ ಉಂಡು ಹೊಲಕ್ಕೆ ನಡೆದುಹೋಗುತ್ತಿದ್ದವರ ಮೊಮ್ಮಕ್ಕಳು ಈಗ ಪಾಲಿಶ್ ಮಾಡಿದ ಸೋನಾಮಸೂರಿ ಮೂರು ಹೊತ್ತು ಉಂಡು ಬೈಕಿನಲ್ಲಿ ಕೂತು ಹೋಗುತ್ತಾರೆ. ಮೋಟರ್ ಅಜ್ಜನದೇ, ಎಕರೆ ಮಾತ್ರ ಐದಾಯಿತು. ದೇಶದಲ್ಲೂ ಇದೇ ಕಥೆ. 2023ರಲ್ಲಿ ಐಸಿಎಂಆರ್ ಅಧ್ಯಯನ ಭಾರತದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಶುಗರ್ ಇದೆ ಅಂತ ಲೆಕ್ಕ ಕೊಟ್ಟಿತು. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ.

ನೀವೂ ಆ ಹೊಸ್ತಿಲ ಹತ್ತಿರ ಇದ್ದೀರಿ. ಖಾಲಿ ಹೊಟ್ಟೆಯ ಶುಗರ್ 126 ಮುಟ್ಟಿದರೆ ಕಾಯಿಲೆ. 100ರ ಒಳಗೆ ಸಹಜ. ನಡುವಿನದ್ದಕ್ಕೆ ಅಮೆರಿಕದ ಡಯಾಬಿಟಿಸ್ ಸಂಘ 100ರಿಂದಲೇ ಎಚ್ಚರ ಅನ್ನುತ್ತದೆ, ವಿಶ್ವ ಆರೋಗ್ಯ ಸಂಸ್ಥೆ 110ರಿಂದ ಅನ್ನುತ್ತದೆ. ನಿಮ್ಮ 108 ಈ ಎರಡರ ನಡುವೆ ಬಿತ್ತು. ನಿಮ್ಮ ಮನೆತನ ನೋಡಿದರೆ ನಾನು ಬಿಗಿಯಾದ ಅಳತೆಯನ್ನೇ ಹಿಡಿಯುತ್ತೇನೆ. ಆದರೆ ಒಂದೇ ಪರೀಕ್ಷೆಯ ಮೇಲೆ ತೀರ್ಪು ಬೇಡ. ಇನ್ನೊಮ್ಮೆ ಖಾಲಿ ಹೊಟ್ಟೆಯಲ್ಲಿ ನೋಡಿಸಿ. ಜೊತೆಗೆ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಆದಮೇಲೂ ನೋಡಿಸಿ. 140ರ ಒಳಗೆ ಇರಬೇಕು. 200 ಮುಟ್ಟಿದರೆ ಕಾಯಿಲೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7ರ ಒಳಗೆ ಇರಬೇಕು, 6.5 ಮುಟ್ಟಿದರೆ ಕಾಯಿಲೆ. ರಕ್ತಹೀನತೆ ಇದ್ದವರಲ್ಲಿ ಈ ಕೊನೆಯದು ತಪ್ಪು ತೋರಿಸಬಹುದು, ಅದನ್ನೂ ಡಾಕ್ಟರಿಗೆ ಹೇಳಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ 30 ದಾಟಿದವರಿಗೆ ಶುಗರ್, ಬಿಪಿ ನೋಡುತ್ತಾರೆ. ಸಂಕೋಚ ಇಲ್ಲದೆ ಹೋಗಿ.

ಈಗ ಎಂಜಲಿನ ಪರೀಕ್ಷೆ. ನನ್ನ ಮಾತು: ಆ ದುಡ್ಡು ಉಳಿಸಿ. ಕಾರಣ ಹೇಳುತ್ತೇನೆ. ಆ ಪರೀಕ್ಷೆಗಳು ನೂರಾರು ವೇರಿಯೆಂಟ್ ಕೂಡಿಸಿ ಒಂದು ಅಂಕ ಕೊಡುತ್ತವೆ. ಆ ಕೂಡಿಸುವ ಲೆಕ್ಕ ಬಹುಪಾಲು ಯುರೋಪ್ ಮೂಲದ ಜನರ ಡಿಎನ್‌ಎಯಿಂದ ಬಂದದ್ದು, ನಮ್ಮವರಿಗೆ ಅಷ್ಟು ಸರಿಯಾಗಿ ಕೂರುವುದಿಲ್ಲ. ಅದಿರಲಿ, ಅಂಕ ಜಾಸ್ತಿ ಬಂದರೆ ಏನು ಹೇಳುತ್ತಾರೆ? ಹೊಟ್ಟೆ ಇಳಿಸಿ, ನಡೆಯಿರಿ, ವರ್ಷಕ್ಕೊಮ್ಮೆ ಶುಗರ್ ನೋಡಿಸಿ. ಕಡಿಮೆ ಬಂದರೆ? ಅಪ್ಪನಿಗೂ ಮಾವನಿಗೂ ಶುಗರ್ ಇರುವ, 108 ಬಂದಿರುವ ನಿಮಗೆ ಆಗಲೂ ಅದೇ ಮಾತು. ಕಡಿಮೆ ಅಂಕ ನೋಡಿ ನೀವು ಮೈಮರೆತರೆ ಎಂಬುದೇ ನನ್ನ ಭಯ.

ಜೀನ್ ಪರೀಕ್ಷೆ ನಿಜಕ್ಕೂ ಬೇಕಾಗುವ ಕುಟುಂಬಗಳಿವೆ. ಮೋಡಿ (ಇಂಗ್ಲಿಷಿನಲ್ಲಿ MODY) ಅಂತ ಸಣ್ಣ ವಯಸ್ಸಿಗೇ ಬರುವ ಶುಗರ್‌ನ ಒಂದು ಬಗೆ ಇದೆ. ಶುಗರ್ ಇರುವ ನೂರು ಜನರಲ್ಲಿ ಒಬ್ಬಿಬ್ಬರಿಗೆ ಇರುವಂಥದ್ದು. ಅಲ್ಲಿ ಒಂದೇ ಒಂದು ಜೀನ್ ಕೆಟ್ಟಿರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಆ ಜೀನ್ ದಾಟುವ ಸಾಧ್ಯತೆ ಅರ್ಧಕ್ಕರ್ಧ. 25 ವರ್ಷದ ಒಳಗೇ ಶುಗರ್ ಬಂದಿದೆ, ಹೊಟ್ಟೆ ಬೊಜ್ಜು ಇಲ್ಲ, ಸಾಲಾಗಿ ಎರಡು ಮೂರು ತಲೆಮಾರಿಗೆ ಹೀಗೇ ಆಗಿದೆ, ಇನ್ಸುಲಿನ್ ಇಲ್ಲದೆಯೂ ಕೆಲ ವರ್ಷ ನಡೆದಿದೆ ಅಂದರೆ ಮೋಡಿ ಅನುಮಾನ ಬರಬೇಕು. ಎಚ್‌ಎನ್‌ಎಫ್1ಎ ಜೀನ್‌ನ ಮೋಡಿ ಇದ್ದವರಿಗೆ ಸಲ್ಫೋನೈಲ್‌ಯೂರಿಯಾ ಗುಂಪಿನ ಕಡಿಮೆ ಬೆಲೆಯ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ. ಜಿಸಿಕೆ ಜೀನ್‌ನದಾದರೆ ಶುಗರ್ ಸ್ವಲ್ಪವೇ ಏರಿ ಅಲ್ಲೇ ನಿಲ್ಲುತ್ತದೆ, ಸಾಮಾನ್ಯವಾಗಿ ಮಾತ್ರೆಯೇ ಬೇಡ. ಹುಟ್ಟಿದ ಆರು ತಿಂಗಳ ಒಳಗೆ ಶುಗರ್ ಬಂದ ಕೂಸಿಗಂತೂ ಜೀನ್ ಪರೀಕ್ಷೆ ಮಾಡಿಸಲೇಬೇಕು. ಕೆಲವು ಕೂಸುಗಳು ಇನ್ಸುಲಿನ್ ಬಿಟ್ಟು ಮಾತ್ರೆಯಲ್ಲೇ ಬೆಳೆಯುತ್ತವೆ. ತಾಯಿಯ ಕಡೆಯಿಂದ ಶುಗರ್ ಮತ್ತು ಕಿವುಡು ಎರಡೂ ಸೇರಿ ಇಳಿದುಬರುವ ಅಪರೂಪದ ಬಗೆಯೂ ಒಂದಿದೆ. ಇಂಥ ಕಡೆ ಪರೀಕ್ಷೆಯಿಂದ ಔಷಧಿಯೇ ಬದಲಾಗುತ್ತದೆ. ನಿಮ್ಮ ಅಪ್ಪನಿಗೆ 48ಕ್ಕೆ ಬಂದದ್ದು. ನಿಮ್ಮದು ಆ ಸಾಲಿನ ಮನೆ ಅಲ್ಲ.

ಸೋದರಮಾವನ ಮಗಳನ್ನು ಮದುವೆಯಾದ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಹೀಗೆ ಹುಟ್ಟಿದ ಮಗುವಿನ ಜೀನ್‌ಗಳಲ್ಲಿ ಸರಾಸರಿ 16ರಲ್ಲಿ ಒಂದು ಪಾಲು ಎರಡೂ ಕಡೆಯಿಂದ ಒಂದೇ ಪ್ರತಿಯಾಗಿ ಬಂದಿರುತ್ತದೆ. ಎರಡು ಪ್ರತಿಯೂ ಕೆಟ್ಟರೆ ಮಾತ್ರ ಬರುವ ಅಪರೂಪದ ಕಾಯಿಲೆಗಳಿಗೆ ಇದು ದೊಡ್ಡ ವಿಷಯ. ನೂರಾರು ಸಣ್ಣ ಅಕ್ಷರಗಳಿಂದ ಆಗುವ ಟೈಪ್ 2ಕ್ಕೆ ಅಷ್ಟು ದೊಡ್ಡದಲ್ಲ. ನಿಮ್ಮ ಮಗಳ ವಿಷಯದಲ್ಲಿ ಮುಖ್ಯವಾದದ್ದು ಅವಳ ಇಬ್ಬರು ತಾತಂದಿರಿಗೂ ಶುಗರ್ ಇರುವುದು. ಸಂಬಂಧವೇ ಇಲ್ಲದ ಮನೆಯಿಂದ ಹೆಣ್ಣು ತಂದು ಆ ಮಾವನಿಗೆ ಶುಗರ್ ಇದ್ದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಮದುವೆಯ ಬಗ್ಗೆ ತಪ್ಪು ಮಾಡಿದೆವು ಅಂತ ನೀವಿಬ್ಬರೂ ಕೊರಗಬೇಡಿ. ನಾಲ್ಕು ವರ್ಷದ ಮಗುವಿಗೆ ಈಗ ಯಾವ ಪರೀಕ್ಷೆಯೂ ಬೇಡ. ಓಡಾಡಿ ಆಡಲಿ. ಬಾಟಲಿ ಜ್ಯೂಸು, ಬಿಸ್ಕತ್ತಿನ ರುಚಿ ಹತ್ತಿಸಬೇಡಿ. ಯಾವುದೇ ಮಗುವಿಗಾಗಲಿ ಇದ್ದಕ್ಕಿದ್ದಂತೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರು, ತೂಕ ಇಳಿಕೆ ಕಂಡರೆ ಅದೇ ದಿನ ಶುಗರ್ ನೋಡಿಸಬೇಕು.

ತಪ್ಪಿಸೋಕೆ ಆಗುತ್ತಾ ಅಂತ ಕೇಳಿದಿರಲ್ಲ. ಚೆನ್ನೈನ ಸಂಶೋಧಕರು ಹೊಸ್ತಿಲಲ್ಲಿದ್ದ 531 ಭಾರತೀಯರನ್ನು ಮೂರು ವರ್ಷ ನೋಡಿ 2006ರಲ್ಲಿ ಫಲ ಪ್ರಕಟಿಸಿದರು. ಸುಮ್ನೆ ಬಿಟ್ಟವರಲ್ಲಿ 55 ಶೇಕಡಾ ಜನಕ್ಕೆ ಶುಗರ್ ಬಂತು. ಊಟ, ನಡಿಗೆ ಸರಿಮಾಡಿಕೊಂಡವರಲ್ಲಿ ಅದು 39ಕ್ಕೆ ಇಳಿಯಿತು. ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ, ಆದರೂ ಲಾಭ ಸಿಕ್ಕಿತು. ನಿಮ್ಮಂಥ ತೆಳ್ಳಗಿನವರಿಗೆ ಇದು ಬಹಳ ಮುಖ್ಯ. ಅಮೆರಿಕದಲ್ಲಿ ಇಂಥದ್ದೇ ಇನ್ನೂ ದೊಡ್ಡ ಅಧ್ಯಯನ ನಡೆಯಿತು. ಅಲ್ಲಿ ಟಿಸಿಎಫ್7ಎಲ್2ರ ಅಪಾಯದ ಎರಡೂ ಪ್ರತಿ ಹೊತ್ತವರನ್ನು ಬೇರೆಯಾಗಿ ಲೆಕ್ಕ ಹಾಕಿದರು. ಸುಮ್ನೆ ಬಿಟ್ಟ ಗುಂಪಿನಲ್ಲಿ ಅಂಥವರಿಗೆ ಶುಗರ್ ಬರುವ ಅಪಾಯ ಸುಮಾರು 1.8 ಪಟ್ಟು ಇತ್ತು. ವಾರಕ್ಕೆ 150 ನಿಮಿಷ ನಡೆದು, ಊಟ ಹದಮಾಡಿ, ತೂಕ ಸ್ವಲ್ಪ ಇಳಿಸಿದ ಗುಂಪಿನಲ್ಲಿ ಅದು 1.15ಕ್ಕೆ ಬಂತು. ಅಂದರೆ ಆ ಜೀನ್‌ನ ಹೆಚ್ಚುವರಿ ಭಾರ ಬಹುಮಟ್ಟಿಗೆ ಕರಗಿಹೋಯಿತು. ಈ ಅಂಕಿಯನ್ನು ನಾನು ನನ್ನ ಟೇಬಲ್ ಮೇಲೆ ಬರೆದಿಟ್ಟುಕೊಂಡಿದ್ದೇನೆ. ಕೈ ಚೆಲ್ಲಿ ಕೂತವರಿಗೆ ತೋರಿಸಲು ಬೇಕಾಗುತ್ತದೆ.

ನಡಿಗೆ ಯಾಕೆ ಇಷ್ಟು ಕೆಲಸ ಮಾಡುತ್ತದೆ? ದುಡಿಯುವ ಮಾಂಸಖಂಡ ಇನ್ಸುಲಿನ್‌ಗೆ ಕಾಯದೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಮೋಟರ್ ಹಚ್ಚದೇ ಕಾಲುವೆ ನೀರು ತಾನೇ ಹೊಲಕ್ಕೆ ಹರಿದ ಹಾಗೆ. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ನಿಮ್ಮ ಸಣ್ಣ ಮೋಟರ್‌ಗೆ ಅಷ್ಟು ಹೊತ್ತು ಬಿಡುವು.

ನೀವು ಲೆಕ್ಕದವರು, ನಿಮಗೆ ಒಂದು ಲೆಕ್ಕ ಕೊಡುತ್ತೇನೆ. ಚೆನ್ನೈನಲ್ಲೇ 2005ರಲ್ಲಿ ಮಾಡಿದ ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್ ಇದು. ಒಟ್ಟು ನೂರು ಅಂಕ. ವಯಸ್ಸು 35ರ ಒಳಗೆ ಸೊನ್ನೆ, 35ರಿಂದ 49ಕ್ಕೆ 20, ಮೇಲೆ 30. ಗಂಡಸರ ಹೊಟ್ಟೆ 90ರ ಒಳಗೆ ಸೊನ್ನೆ, 99ರವರೆಗೆ 10, ಮೇಲೆ 20. ಕೂತು ಕೆಲಸ, ವ್ಯಾಯಾಮವೂ ಇಲ್ಲ ಅಂದರೆ 30. ವ್ಯಾಯಾಮ ಅಥವಾ ಮೈಮುರಿಯುವ ಕೆಲಸ ಒಂದು ಇದ್ದರೆ 20, ಎರಡೂ ಇದ್ದರೆ ಸೊನ್ನೆ. ತಂದೆತಾಯಿಯಲ್ಲಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ಗಮನಿಸಿ, ನೂರರಲ್ಲಿ ಮನೆತನಕ್ಕೆ ಸಿಕ್ಕಿದ್ದು ಹೆಚ್ಚೆಂದರೆ 20. ನಿಮ್ಮದು ಇವತ್ತು 0, 10, 30, 10 ಸೇರಿ 50. ಮಧ್ಯಮ ಅಪಾಯ. ಇನ್ನೆರಡು ವರ್ಷಕ್ಕೆ ನಿಮಗೆ 35 ತುಂಬಿದ ದಿನ, ಬೇರೇನೂ ಬದಲಾಗದಿದ್ದರೂ, ಅದು 70 ಆಗುತ್ತದೆ. 60 ಮುಟ್ಟಿದರೆ ಹೆಚ್ಚಿನ ಅಪಾಯ. ಹೊಟ್ಟೆಯನ್ನು 90ರ ಒಳಗೆ ತಂದು ದಿನಾ ನಡೆದರೆ ಅದೇ ದಿನ 50ಕ್ಕೆ ನಿಲ್ಲುತ್ತೀರಿ.

ಮಾಡಬೇಕಾದ್ದು ಇಷ್ಟು. ಮಿಲ್‌ನಲ್ಲಿ ಗಂಟೆಗೊಮ್ಮೆ ಎದ್ದು ಒಂದು ಸುತ್ತು ಹಾಕಿ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ವಾರಕ್ಕೆ ಎರಡು ಮೂರು ದಿನ ಮಾಂಸಖಂಡಕ್ಕೆ ಭಾರ ಬೀಳುವ ಕೆಲಸ ಮಾಡಿ, ಬಸ್ಕಿ ಹೊಡೆದರೂ ಆಯಿತು. ನಿಮಗೆ ಕೊರತೆ ಇರುವುದೇ ಮಾಂಸಖಂಡದಲ್ಲಿ. ಅನ್ನ ಬಿಡಿ ಅಂತ ಸಿರುಗುಪ್ಪದವರಿಗೆ ಹೇಳಲಾರೆ. ತಟ್ಟೆಯಲ್ಲಿ ಅನ್ನದ ಜಾಗ ಅರ್ಧ ಮಾಡಿ, ಅಲ್ಲಿ ಪಲ್ಯ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಬರಲಿ. ಜೋಳದ ರೊಟ್ಟಿ ಒಳ್ಳೆಯದೇ. ಆದರೆ ರೊಟ್ಟಿಯಾದರೆ ಎಷ್ಟಾದರೂ ತಿನ್ನಬಹುದು ಅನ್ನುವುದು ತಪ್ಪು, ಅದರಲ್ಲೂ ಹಿಟ್ಟಿನ ಅಂಶವೇ ಹೆಚ್ಚು. ಮಿರ್ಚಿ ಮಂಡಕ್ಕಿ ದಿನದ ತಿಂಡಿ ಆಗದೆ ಸಂತೆ ದಿನದ್ದಾಗಲಿ. ಬೀಡಿ ಸಿಗರೇಟು ಇದ್ದರೆ ಬಿಡಿ, ಅವೂ ಶುಗರ್ ಅಪಾಯ ಏರಿಸುತ್ತವೆ. ಆರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ನಿಮ್ಮ ಹೆಂಡತಿಗೂ ಅಪ್ಪನ ಕಡೆಯಿಂದ ಇದೆ, ಅವರದ್ದೂ ನೋಡಿಸಿ.

ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದವರು ಒಬ್ಬರಿದ್ದಾರೆ. ನಿಮ್ಮ ಅಕ್ಕ. "ಹೆರಿಗೆ ಆದಮೇಲೆ ಹೋಯಿತು" ಅಂತ ಬರೆದಿದ್ದೀರಿ. ನಿಮ್ಮ ಪೈಕಿ ಈಗ ಶುಗರ್ ಇಲ್ಲದವರಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಕಾಳಜಿ ಅವರದ್ದೇ. ಬಸಿರಿನಲ್ಲಿ ಶುಗರ್ ಬಂದ ಹೆಂಗಸರಿಗೆ ಮುಂದೆ ಟೈಪ್ 2 ಬರುವ ಅಪಾಯ ಬೇರೆ ಹೆಂಗಸರಿಗಿಂತ ಏಳೆಂಟು ಪಟ್ಟು ಜಾಸ್ತಿ. ಬಸಿರು ಅಂದರೆ ಮೋಟರ್‌ಗೆ ಒಂಬತ್ತು ತಿಂಗಳ ಪರೀಕ್ಷೆ. ಆಗ ಕಾದ ಮೋಟರ್ ಹೊರೆ ಇಳಿದಮೇಲೆ ತಣ್ಣಗಾಗಿದೆ, ದೊಡ್ಡದಾಗಿಲ್ಲ. ಹೆರಿಗೆಯಾದ ಆರರಿಂದ ಹನ್ನೆರಡು ವಾರದಲ್ಲಿ ಅವರಿಗೆ ಗ್ಲೂಕೋಸ್ ಕುಡಿಸಿ ಪರೀಕ್ಷೆ ಆಗಬೇಕಿತ್ತು. ಆಗಿದೆಯಾ ಕೇಳಿ. ಆಗಿಲ್ಲದಿದ್ದರೆ ಈ ವಾರವೇ ನಿಮ್ಮ ಜೊತೆ ಕರೆದುಕೊಂಡು ಹೋಗಿ. ಇಬ್ಬರದೂ ಒಟ್ಟಿಗೆ ಆಗಲಿ.